ಚೆನ್ನಾಗಿ ಓಡುತ್ತಿರುವ ಆಟಕ್ಕೆ ಹೊಸ ಎಂಜಿನ್ ಯಾಕೆ?

ಹುಣಸೆಬೀಜ:

ಎಲ್ಲರಿಗೂ ನಮಸ್ಕಾರ. ನಾನು ಸಾಗರದವಳು. 2020ರ ಲಾಕ್‌ಡೌನ್‌ನಲ್ಲಿ ನಾನೂ ನನ್ನ ತಮ್ಮನೂ ಸೇರಿ ಅಳಗುಳಿಮಣೆಯನ್ನು ಮೊಬೈಲ್ ಆಟ ಮಾಡಿದೆವು. ಗೋಡೋ ಅನ್ನುವ ಗೇಮ್ ಎಂಜಿನ್‌ನ (ಆಟ ಕಟ್ಟಲು, ಓಡಿಸಲು ಬಳಸುವ ಸಾಫ್ಟ್‌ವೇರ್) 3.2 ಆವೃತ್ತಿಯಲ್ಲಿ ಮಾಡಿದ್ದು. ಏಳೇಳು ಗುಳಿಯ ಎರಡು ಸಾಲು. ಎದುರಿಗೆ ಫೋನೇ ಆಡಬಹುದು, ಇಲ್ಲವೇ ಪಕ್ಕದಲ್ಲಿ ಕೂತವರು ಆಡಬಹುದು. ಬೀಜ ಬೀಳುವ ಸದ್ದು ಮಾತ್ರ ಅಸಲಿ. ಅಜ್ಜಿಯ ಹಲಸಿನ ಮರದ ಮಣೆಗೆ ಹುಣಸೆಬೀಜ ಒಂದೊಂದೇ ಹಾಕಿ, ರಾತ್ರಿ ಫ್ಯಾನು, ಫ್ರಿಜ್ಜು ಎಲ್ಲ ಆಫ್ ಮಾಡಿ ರೆಕಾರ್ಡ್ ಮಾಡಿದ್ದೆವು.

ಆಟ ಇವತ್ತಿಗೂ ಚೆನ್ನಾಗಿ ಓಡುತ್ತಿದೆ. ದಿನಕ್ಕೆ ನೂರಿನ್ನೂರು ಜನ ಆಡುತ್ತಾರೆ. ಅದರಲ್ಲಿ ಜಾಸ್ತಿ ವಯಸ್ಸಾದವರು ಅಂತ ನನಗೆ ಬರುವ ಮೇಲ್‌ಗಳಿಂದ ಗೊತ್ತಾಗುತ್ತದೆ.

ಈಗ ತಮ್ಮ ಗೋಡೋ 4ಕ್ಕೆ ಹೋಗೋಣ ಎಂದು ಹಟ ಹಿಡಿದಿದ್ದಾನೆ. ಯಾಕೆ ಅಂದರೆ ‘ಎಲ್ಲರೂ ಹೋಗ್ತಿದ್ದಾರಲ್ಲ ಅಕ್ಕ’ ಅನ್ನುತ್ತಾನೆ. ನನಗೆ ಅದು ಕಾರಣ ಅನ್ನಿಸಲಿಲ್ಲ. ಹೋದ ಭಾನುವಾರ ಪ್ರಾಜೆಕ್ಟಿನ ಒಂದು ಕಾಪಿ ಮಾಡಿಕೊಂಡು, ಅದನ್ನು 4ಕ್ಕೆ ಬದಲಿಸುವ ಕನ್ವರ್ಟರ್ ಓಡಿಸಿದೆ. ಅರ್ಧ ಕೋಡ್ ತಪ್ಪು ಎಂದು ಕೆಂಪಾಯಿತು. ಕೋಡ್‌ನಲ್ಲಿ ‘ಕಾಯು’ ಎಂದು ಹೇಳುವ ‘ಯೀಲ್ಡ್’ ಪದ ಇದ್ದಲ್ಲಿ ‘ಅವೇಟ್’ ಆಗಬೇಕಂತೆ. ಬೀಜ ಕೈಯಿಂದ ಗುಳಿಗೆ ಜಾರುವ ಚಲನೆಯನ್ನೆಲ್ಲ ಟ್ವೀನ್ ನೋಡ್ (ಚಲನೆ ಮಾಡಿಸುವ ಗೋಡೋದ ಒಂದು ಸಿದ್ಧ ಭಾಗ) ಇಟ್ಟು ಮಾಡಿದ್ದೆವು. ಆ ನೋಡೇ ಈಗ ಇಲ್ಲ. ಎಲ್ಲ ಹೊಸದಾಗಿ ಬರೆಯಬೇಕು.

ಇನ್ನೊಂದು ವಿಷಯ. ನಮ್ಮ ಆಟದಲ್ಲಿ ಕನ್ನಡ ಅಕ್ಷರಗಳಿಲ್ಲ, ಕನ್ನಡದ ಚಿತ್ರಗಳಿವೆ. ಗೋಡೋ 3ರಲ್ಲಿ ‘ಅಜ್ಜಿ’ ಎಂದು ಟೈಪ್ ಮಾಡಿದರೆ ಅ, ಜ, ಇನ್ನೊಂದು ಜ ಅಕ್ಕಪಕ್ಕ ನಿಲ್ಲುತ್ತವೆ. ಗುಡಿಸು ಬೇರೆಯೇ ಬೀಳುತ್ತದೆ. ಹಾಗಾಗಿ ‘ನಿಮ್ಮ ಸರದಿ’, ‘ಆಟ ಪೂರ್ತಿ ಆಯಿತು’ ಇಂಥ ಒಂದೊಂದು ಸಾಲನ್ನೂ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಬರೆದು ಪಿಎನ್‌ಜಿ ಚಿತ್ರ ಮಾಡಿ ಹಾಕಿದ್ದೇವೆ. ಒಟ್ಟು 212 ಚಿತ್ರ. ಆಡುವವರ ಹೆಸರನ್ನು ಹೀಗೆ ಮೊದಲೇ ಚಿತ್ರ ಮಾಡಿಡಲು ಆಗುವುದಿಲ್ಲ. ಅದಕ್ಕೇ ಅಲ್ಲಿ ‘ಆಟಗಾರ 1’, ‘ಆಟಗಾರ 2’ ಅಷ್ಟೇ.

ನನ್ನ ಪ್ರಶ್ನೆ ಇದು. ದೊಡ್ಡ ದೊಡ್ಡ ಕಂಪನಿಗಳೂ ತಮ್ಮದೇ ಎಂಜಿನ್ ಬಿಟ್ಟು ಹೊಸದಕ್ಕೆ ಹೋಗುತ್ತಿವೆ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಹತ್ತು ವರ್ಷ ಬಳಸಿದ್ದನ್ನೇ ಬಿಟ್ಟಿತು. ಓಡುತ್ತಿರುವುದನ್ನು ಯಾಕೆ ಬಿಡುತ್ತಾರೆ? ನಮ್ಮಂಥ ಇಬ್ಬರ ತಂಡಕ್ಕೆ ಆ ಕಾರಣ ಹೊಂದುತ್ತದಾ?

ಕಡಲತಡಿ:

ನಿಮ್ಮ ಮಟ್ಟಿಗೆ ಮೊದಲ ಕಾರಣ ಪ್ಲೇ ಸ್ಟೋರ್. 2025ರ ನವೆಂಬರ್ 1ರಿಂದ, ಆಂಡ್ರಾಯ್ಡ್ 15 ಅಥವಾ ಅದಕ್ಕಿಂತ ಹೊಸದನ್ನು ಗುರಿಯಾಗಿಟ್ಟ ಆ್ಯಪ್‌ಗಳು 16 ಕೆಬಿ ಮೆಮೊರಿ ಪೇಜ್‌ಗೆ ಹೊಂದಬೇಕು. ಹೊಸ ಆ್ಯಪ್‌ಗೂ ಇದೇ ನಿಯಮ, ಅಪ್‌ಡೇಟ್‌ಗೂ ಇದೇ. ಮೊದಲು ಫೋನ್‌ಗಳು ಮೆಮೊರಿಯನ್ನು 4 ಕೆಬಿ ತುಂಡುಗಳಾಗಿ ಲೆಕ್ಕ ಇಡುತ್ತಿದ್ದವು. ಈಗ 16 ಕೆಬಿ ತುಂಡಿನ ಫೋನ್‌ಗಳು ಬರುತ್ತಿವೆ.

ಇದು ನಿಮ್ಮ ಕೋಡ್‌ನಲ್ಲಿ ಸರಿಮಾಡುವ ಕೆಲಸ ಅಲ್ಲ. ಎಂಜಿನ್ ಇರುವುದು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ. ಎಂಜಿನ್ ಮಾಡಿದವರೇ ಅದನ್ನು 16 ಕೆಬಿಗೆ ಹೊಂದುವ ಹಾಗೆ ಕಂಪೈಲ್ ಮಾಡಿ (ಫೋನ್ ಓಡಿಸುವ ರೂಪಕ್ಕೆ ತಂದು) ಕೊಡಬೇಕು. 2020ರ ಜನವರಿಯಲ್ಲಿ ಬಂದ 3.2ಕ್ಕೆ ಈ ನಿಯಮದ ಸುದ್ದಿಯೇ ಇರಲಿಲ್ಲ. ಹೀಗೆ ಆಗುವುದು ಇದೇ ಮೊದಲಲ್ಲ. 2019ರ ಆಗಸ್ಟ್‌ನಲ್ಲಿ ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ಗಳಿಗೆ 64 ಬಿಟ್ ಪ್ರೊಸೆಸರ್‌ಗೆ ಹೊಂದುವ ಆವೃತ್ತಿ ಕಡ್ಡಾಯ ಆದಾಗಲೂ ಬಹಳ ಜನ ಎಂಜಿನ್ ಆವೃತ್ತಿ ಬದಲಿಸಿದರು.

ಈ ನಿಯಮಕ್ಕಾಗಿ, ಈಗ ಸ್ಟೋರ್‌ನಲ್ಲಿರುವ ನಿಮ್ಮ ಆಟವನ್ನು ಯಾರೂ ತೆಗೆದುಹಾಕುವುದಿಲ್ಲ. ಆದರೆ ಒಂದು ಸಣ್ಣ ತಪ್ಪು ತಿದ್ದಿ ಮತ್ತೆ ಏರಿಸಬೇಕು ಅಂದ ದಿನ ಬಾಗಿಲು ಹಾಕಿರುತ್ತದೆ.

ದೀಪದ ಕೆಲಸ:

ಹುಣಸೆಬೀಜ ಅವರೇ, ನಾನು ಬೆಂಗಳೂರಿನಲ್ಲಿ ಹದಿಮೂರು ವರ್ಷದಿಂದ ಗೇಮ್ ಲೈಟಿಂಗ್ ಮಾಡುತ್ತಿದ್ದೇನೆ. ಆಟದೊಳಗಿನ ಬಿಸಿಲು, ದೀಪ, ನೆರಳು, ಇದೇ ನನ್ನ ಅನ್ನ. ದೊಡ್ಡವರು ಯಾಕೆ ಬದಲಿಸುತ್ತಾರೆ ಎಂದು ಕೇಳಿದಿರಲ್ಲ, ನಾನು ಕೂತ ಕುರ್ಚಿಯಿಂದ ಕಂಡದ್ದನ್ನು ಹೇಳುತ್ತೇನೆ.

ಎಪಿಕ್ ಕಂಪನಿಯ ಅನ್‌ರಿಯಲ್ ಎಂಜಿನ್‌ನ 4ನೇ ಆವೃತ್ತಿಯ ಕಾಲದಲ್ಲಿ ಒಂದು ಕೋಣೆಗೆ ಒಳ್ಳೆಯ ಬೆಳಕು ಬರಬೇಕೆಂದರೆ ಅದನ್ನು ಮೊದಲೇ ಲೆಕ್ಕ ಹಾಕಿಸಬೇಕಿತ್ತು. ದೀಪದ ಬೆಳಕು ಯಾವ ಗೋಡೆಗೆ ಬಡಿದು ಎಲ್ಲಿ ಚೆಲ್ಲುತ್ತದೆ ಎಂಬುದನ್ನು ಚಿತ್ರ ಮಾಡಿ ಗೋಡೆಗೆ ಅಂಟಿಸುವುದು. ಇದಕ್ಕೆ ನಾವು ‘ಬೇಕ್’ ಅನ್ನುತ್ತೇವೆ. ದೊಡ್ಡ ಲೆವೆಲ್ ಆದರೆ ಒಂದು ಪಿಸಿಗೆ ಆಗದ ಕೆಲಸ. ‘ಸ್ವಾರ್ಮ್’ ಅನ್ನುವ ಪ್ರೋಗ್ರಾಂ ಆ ಲೆಕ್ಕವನ್ನು ಆಫೀಸಿನ ಬೇರೆ ಪಿಸಿಗಳಿಗೂ ಹಂಚುತ್ತಿತ್ತು. ಸಂಜೆ ಆರಕ್ಕೆ ಎಲ್ಲರ ಮಾನಿಟರ್ ಮೇಲೂ ‘ಆಫ್ ಮಾಡಬೇಡಿ, ಬೇಕ್ ಆಗ್ತಿದೆ’ ಎಂದು ಹಳದಿ ಚೀಟಿ ಅಂಟಿಸಿ ಮನೆಗೆ ಹೋಗುತ್ತಿದ್ದೆ. ಬೆಳಿಗ್ಗೆ ಬಂದು ನೋಡಿದರೆ ಮುಚ್ಚಿದ ಬಾಗಿಲಿನ ಮೂಲೆಯಲ್ಲಿ ಬೆಳಕು ಸೋರಿರುತ್ತಿತ್ತು. ಗೋಡೆಯನ್ನು ಒಂದಿಷ್ಟು ದಪ್ಪ ಮಾಡಿ, ಮತ್ತೆ ಚೀಟಿ, ಮತ್ತೆ ಒಂದು ರಾತ್ರಿ. ಡಿಸೈನರ್ ಬಂದು ‘ಈ ಕಿಟಕಿ ಸ್ವಲ್ಪ ಎಡಕ್ಕೆ ಸರಿಸಿದ್ದೀನಿ’ ಅಂದರೆ ಎದೆ ಧಸಕ್ಕೆನ್ನುತ್ತಿತ್ತು.

2022ರ ಏಪ್ರಿಲ್‌ನಲ್ಲಿ ಅನ್‌ರಿಯಲ್ 5 ಬಂತು. ಅದರಲ್ಲಿ ‘ಲೂಮೆನ್’ ಇದೆ. ಕಿಟಕಿ ಸರಿಸಿದರೆ ಬೆಳಕೂ ಅಲ್ಲೇ, ಆಗಲೇ ಸರಿಯುತ್ತದೆ. ಮೊದಲ ಸಲ ಅದನ್ನು ನೋಡಿದಾಗ ಸುಮ್ನೆ ಒಂದು ಬಾಗಿಲನ್ನು ಹತ್ತು ನಿಮಿಷ ತೆಗೆದು ಹಾಕಿ ಮಾಡುತ್ತಾ ಕೂತಿದ್ದೆ. ಒಂದು ರಾತ್ರಿ ಕಾಯುತ್ತಿದ್ದ ಜಾಗದಲ್ಲಿ ಈಗ ಒಂದೇ ದಿನದಲ್ಲಿ ಇಪ್ಪತ್ತು ಬಗೆ ಪ್ರಯತ್ನ ಮಾಡಬಹುದು. ನಾನು ಮಾಡುವ ಬೆಳಕು ಚೆನ್ನಾಗಿ ಬರಲು ಕಾರಣ ಅದೇ. ಎಂಜಿನ್ ಬದಲಾದ ಮೇಲೆ ಆಟ ಚಂದ ಕಾಣುತ್ತದೆ ಅನ್ನುತ್ತಾರಲ್ಲ, ಆ ಚಂದದ ಅರ್ಧ ಭಾಗ ಬರುವುದು ಹೀಗೆ ಕೈಗೆ ಸಿಕ್ಕಿದ ಪ್ರಯತ್ನಗಳಿಂದ.

ಮಾಡೆಲಿಂಗ್ ಮಾಡುವವರಿಗೂ ಹೀಗೇ. ಮೊದಲೆಲ್ಲ ಒಂದು ಕಲ್ಲಿನ ಕಂಬಕ್ಕೆ ಹತ್ತಿರದಿಂದ ಒಂದು ರೂಪ, ದೂರದಿಂದ ಒಂದು, ಇನ್ನೂ ದೂರದಿಂದ ಇನ್ನೊಂದು ತಯಾರು ಮಾಡಿಡಬೇಕಿತ್ತು. ಅನ್‌ರಿಯಲ್ 5ರಲ್ಲಿ ಇದನ್ನು ತಾನೇ ನೋಡಿಕೊಳ್ಳುವ ‘ನ್ಯಾನೈಟ್’ ಬಂದ ಮೇಲೆ ಆ ಕೆಲಸ ಬಹಳ ಕಡಿಮೆಯಾಗಿದೆ.

ಇನ್ನು ಸಿಡಿ ಪ್ರಾಜೆಕ್ಟ್ ರೆಡ್. ಅವರ ಮೊದಲ ವಿಚರ್ ಆಟ 2007ರಲ್ಲಿ ಬಂದಾಗ ಅದು ಬಯೋವೇರ್ ಎಂಬ ಬೇರೆ ಕಂಪನಿಯ ಅರೋರಾ ಎಂಜಿನ್ ಮೇಲಿತ್ತು. 2011ರ ಎರಡನೇ ಆಟಕ್ಕೆ ತಮ್ಮದೇ ‘ರೆಡ್‌ಎಂಜಿನ್’ ಕಟ್ಟಿಕೊಂಡರು. ಮುಂದೆ ಪ್ರತಿ ದೊಡ್ಡ ಆಟಕ್ಕೂ ಅದನ್ನು ಬಿಚ್ಚಿ ಕಟ್ಟಿದರು. 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಬಂದಾಗ ಅದು ರೆಡ್‌ಎಂಜಿನ್ 4. ಆಟ ಬೆಳೆಯುವಾಗಲೇ ಎಂಜಿನ್ ಕೂಡ ಬೆಳೆಯಬೇಕಿತ್ತು. ತೇರು ಎಳೆಯುತ್ತಲೇ ಗಾಲಿ ಕೆತ್ತಿದ ಹಾಗೆ. 2022ರ ಮಾರ್ಚ್‌ನಲ್ಲಿ ಅವರು ಮುಂದಿನ ವಿಚರ್ ಅನ್‌ರಿಯಲ್ 5ರಲ್ಲಿ ಎಂದು ಹೇಳಿದರು. ಬರೀ ಲೈಸೆನ್ಸ್ ತಗೊಂಡು ಸುಮ್ಮನಾಗಲಿಲ್ಲ. ದೊಡ್ಡ ಬಯಲಿನ ಆಟಗಳಿಗೆ ಆ ಎಂಜಿನ್‌ಗೆ ಏನು ಬೇಕೋ ಅದನ್ನು ಎಪಿಕ್ ಜೊತೆ ಕೂತು ಕಟ್ಟುತ್ತಿದ್ದಾರೆ. 2025ರ ಜೂನ್‌ನಲ್ಲಿ ಸಾಮಾನ್ಯ ಪ್ಲೇಸ್ಟೇಷನ್ 5 ಮೇಲೆ ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಓಡುವ ಡೆಮೊ ತೋರಿಸಿದರು.

ಹೇಲೋ ಆಟದವರದ್ದೂ ಹೆಚ್ಚುಕಡಿಮೆ ಇದೇ ಕಥೆ. 2024ರ ಅಕ್ಟೋಬರ್‌ನಲ್ಲಿ 343 ಇಂಡಸ್ಟ್ರೀಸ್ ‘ಹೇಲೋ ಸ್ಟುಡಿಯೋಸ್’ ಎಂದು ಹೆಸರು ಬದಲಿಸಿಕೊಂಡು, ತಮ್ಮ ಸ್ಲಿಪ್‌ಸ್ಪೇಸ್ ಎಂಜಿನ್ ಬಿಟ್ಟು ಅನ್‌ರಿಯಲ್ 5ಕ್ಕೆ ಹೊರಟರು. ಸ್ಲಿಪ್‌ಸ್ಪೇಸ್‌ನ ಕೆಲವು ಭಾಗ ಸುಮಾರು 25 ವರ್ಷ ಹಳೆಯದು ಎಂದು ಅವರೇ ಹೇಳಿದ್ದಾರೆ.

ಇಲ್ಲಿ ದೊಡ್ಡ ವಿಷಯ ಜನ. ಸ್ವಂತ ಎಂಜಿನ್ ಅಂದರೆ ಅದರ ಒಳಗು ಗೊತ್ತಿರುವುದು ಆ ಕಟ್ಟಡದೊಳಗಿನವರಿಗೆ ಮಾತ್ರ. ಒಬ್ಬರು ಕೆಲಸ ಬಿಟ್ಟರೆ ಒಂದು ಭಾಗದ ಬೀಗದಕೈ ಅವರ ಜೇಬಿನಲ್ಲೇ ಹೋಗುತ್ತದೆ. ಹೊಸಬರು ಬಂದರೆ ತಿಂಗಳುಗಟ್ಟಲೆ ಕಲಿಸಬೇಕು. ನಾನು ಒಂದು ಸ್ಟುಡಿಯೋದಲ್ಲಿ ಇದ್ದಾಗ (ಹೆಸರು ಬೇಡ) ಅವರ ಸ್ವಂತ ಎಡಿಟರ್‌ನಲ್ಲಿ ಒಂದು ದೀಪದ ಬಣ್ಣ ಬದಲಿಸುವುದು ಎಲ್ಲಿ ಎಂದು ಕೇಳಲು ಮೂರು ಮಹಡಿ ಹತ್ತಿ ಹೋಗುತ್ತಿದ್ದೆ. ಅದು ಗೊತ್ತಿದ್ದವರು ಇಡೀ ಆಫೀಸಿನಲ್ಲಿ ಒಬ್ಬರೇ. ಅವರು ರಜೆ ಹಾಕಿದ ದಿನ ನನ್ನ ದೀಪಗಳಿಗೂ ರಜೆ. ಅನ್‌ರಿಯಲ್, ಯೂನಿಟಿ, ಗೋಡೋ ಇಂಥ ಎಲ್ಲರಿಗೂ ಸಿಗುವ ಎಂಜಿನ್ ಆದರೆ ಮನೆಯಲ್ಲೇ ಕೂತು ಕಲಿತ ಮಕ್ಕಳು ಸಿಗುತ್ತಾರೆ. ಹುಬ್ಬಳ್ಳಿಯಿಂದ ಬಂದ ಹುಡುಗಿಯೊಬ್ಬಳು ನಮ್ಮಲ್ಲಿ ಸೇರಿದ ಎರಡನೇ ದಿನವೇ ಲೆವೆಲ್ ಒಂದಕ್ಕೆ ಬೆಳಕು ಹಾಕಿದಳು. ಯಾರೂ ಏನೂ ಹೇಳಿಕೊಟ್ಟಿರಲಿಲ್ಲ.

ನಿಮಗೆ ಇದು ಹೊಂದುತ್ತದಾ? ಲೂಮೆನ್, ನ್ಯಾನೈಟ್ ನಿಮಗೆ ಬೇಡ. ಆದರೆ ನಾಳೆ ನಿಮ್ಮ ತಮ್ಮನಿಗೆ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದರೆ, 3.2 ಗೊತ್ತಿರುವ ಇನ್ನೊಬ್ಬರು ನಿಮಗೆ ಎಲ್ಲಿ ಸಿಗುತ್ತಾರೆ? ಈಗ ಹೊಸದಾಗಿ ಕಲಿಯುವವರು ಕಲಿಯುತ್ತಿರುವುದು 4.

ಬಯಲುಸೀಮೆ:

ಮೇಲಿನ ಅಣ್ಣ ಹೇಳಿದ್ದೆಲ್ಲ ಸರಿ. ಆದರೆ ಇನ್ನೊಂದು ಕಡೆಯನ್ನೂ ಹೇಳಬೇಕು, ಯಾಕೆಂದರೆ ನಾನು ಅದರಲ್ಲಿ ಒಂದು ವರ್ಷ ಕಳೆದುಕೊಂಡಿದ್ದೇನೆ.

ನಾನಿದ್ದ ತಂಡ ಆಟದ ಮುಕ್ಕಾಲು ಭಾಗ ಮುಗಿದ ಮೇಲೆ ಎಂಜಿನ್‌ನ ದೊಡ್ಡ ಆವೃತ್ತಿ ಬದಲಿಸಿತು. ಹೊಸದರಲ್ಲಿ ನೀರು ಚೆನ್ನಾಗಿ ಕಾಣುತ್ತದೆ ಎಂಬುದು ಕಾರಣ. ನೀರು ಚೆನ್ನಾಗಿಯೇ ಕಂಡಿತು. ಆದರೆ ದೋಣಿ ನೀರಿನ ಮೇಲೆ ನಿಲ್ಲಲಿಲ್ಲ. ಫಿಸಿಕ್ಸ್ ಲೆಕ್ಕವೇ ಬೇರೆಯಾಗಿತ್ತು. ನಾವು ಕೈಯಾರೆ ಹೊಂದಿಸಿದ್ದ ಒಂದೊಂದು ಅಂಕಿಯೂ ಸುಳ್ಳಾಯಿತು. ದೋಣಿ ಸರಿಹೋಗುವಷ್ಟರಲ್ಲಿ ದುಡ್ಡು ಮುಗಿದಿತ್ತು. ಆ ಆಟ ಹೊರಗೆ ಬರಲೇ ಇಲ್ಲ. ಅದರ ದೋಣಿಗಳು ಇನ್ನೂ ನನ್ನ ಹಾರ್ಡ್ ಡಿಸ್ಕ್‌ನಲ್ಲಿವೆ. ಅಳಿಸಲು ಮನಸ್ಸಾಗಿಲ್ಲ.

ಇದಕ್ಕೆ ಹಳೆಯ ಉದಾಹರಣೆಯೂ ಇದೆ. ಡ್ಯೂಕ್ ನ್ಯೂಕೆಮ್ ಫಾರೆವರ್ ಆಟವನ್ನು ಘೋಷಿಸಿದ್ದು 1997ರಲ್ಲಿ. ಮರುವರ್ಷವೇ ಕ್ವೇಕ್ 2ರ ಎಂಜಿನ್ ಬಿಟ್ಟು ಅನ್‌ರಿಯಲ್‌ಗೆ ಹೋದರು. ಆಟ ಜನರ ಕೈಗೆ ಬಂದದ್ದು 2011ರಲ್ಲಿ, ಅದೂ ಬೇರೆಯವರು ಮುಗಿಸಿದ ಮೇಲೆ. ಎಂಜಿನ್ ಒಂದೇ ಕಾರಣ ಅಲ್ಲ. ಆದರೆ ಹೊಸದು ಬಂದಾಗಲೆಲ್ಲ ಅದರ ಹಿಂದೆ ಓಡಿದರೆ ಏನಾಗುತ್ತದೆ ಎಂದು ಅದನ್ನು ನೋಡಿ ತಿಳಿಯಬಹುದು.

ಎಲ್ಲರೂ ಅಂದಚಂದಕ್ಕೇ ಬದಲಿಸುವುದಿಲ್ಲ, ಹೆದರಿ ಬದಲಿಸಿದವರೂ ಇದ್ದಾರೆ. 2023ರ ಸೆಪ್ಟೆಂಬರ್ 12ರಂದು ಯೂನಿಟಿ ಒಂದು ಹೊಸ ಶುಲ್ಕ ಘೋಷಿಸಿತು. ಒಂದು ಮಿತಿ ದಾಟಿದ ಆಟಗಳಿಗೆ ಪ್ರತಿ ಇನ್‌ಸ್ಟಾಲ್‌ಗೆ 20 ಸೆಂಟ್‌ವರೆಗೆ ಕೊಡಬೇಕು, ಈಗಾಗಲೇ ಮಾರುಕಟ್ಟೆಯಲ್ಲಿರುವ ಆಟಗಳಿಗೂ ಅನ್ವಯ. ಗಲಾಟೆ ಆಯಿತು. ಹತ್ತು ದಿನದಲ್ಲಿ ನಿಯಮ ಸಡಿಲಿಸಿದರು. ಮುಂದಿನ ತಿಂಗಳು ಸಿಇಒ ಹೋದರು. ಸರಿಯಾಗಿ ಒಂದು ವರ್ಷಕ್ಕೆ, 2024ರ ಸೆಪ್ಟೆಂಬರ್ 12ರಂದು, ಶುಲ್ಕವನ್ನೇ ರದ್ದು ಮಾಡಿದರು. ಅಷ್ಟರಲ್ಲಿ ಹಲವರು ಗಂಟು ಕಟ್ಟಿಯಾಗಿತ್ತು. ‘ಸ್ಲೇ ದ ಸ್ಪೈರ್’ ಆಟ ಮಾಡಿದ ಮೆಗಾ ಕ್ರಿಟ್ ಸ್ಟುಡಿಯೋ ಆ ಆಟದ ಎರಡನೇ ಭಾಗವನ್ನು ಯೂನಿಟಿಯಿಂದ ಗೋಡೋಗೆ ಎತ್ತಿಕೊಂಡು ಹೋಯಿತು. ಗೋಡೋ ಎಂಐಟಿ ಲೈಸೆನ್ಸ್‌ನಲ್ಲಿದೆ, ಅಂದರೆ ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ನಿಮ್ಮ ಕೈಯಲ್ಲಿರುವ ಆವೃತ್ತಿಗೆ ನಾಳೆ ಯಾರೂ ಬಂದು ದುಡ್ಡು ಕೇಳಲು ಆಗದು. ಆ ವಿಷಯದಲ್ಲಿ ನೀವು ನೆಮ್ಮದಿಯಾಗಿದ್ದೀರಿ.

ನನ್ನ ಅನುಭವದ ಮಾತು: ಬದಲಿಸುವುದಾದರೆ ಎರಡು ಆಟಗಳ ನಡುವೆ ಬದಲಿಸಿ. ನಿಮ್ಮ ಆಟ ಮುಗಿದು ಐದು ವರ್ಷವಾಗಿದೆ. ಅಂದರೆ ನೀವೀಗ ಸರಿಯಾದ ಜಾಗದಲ್ಲೇ ಇದ್ದೀರಿ. ಒಂದು ಎಚ್ಚರಿಕೆ ಮಾತ್ರ. ಗೋಡೋ 3ರಲ್ಲಿ ಓಪನ್‌ಜಿಎಲ್ ಇಎಸ್ 2 ಬಳಸುವ ರೆಂಡರರ್ (ಪರದೆ ಮೇಲೆ ಚಿತ್ರ ಮೂಡಿಸುವ ಭಾಗ) ಇತ್ತು, ತೀರಾ ಹಳೇ ಫೋನ್‌ಗಳಲ್ಲೂ ಓಡುತ್ತಿತ್ತು. 4ರಲ್ಲಿ ಅದು ಇಲ್ಲ. ಹಳೇ ಫೋನ್‌ಗೆಂದು ಇರುವ ‘ಕಂಪ್ಯಾಟಿಬಿಲಿಟಿ’ ರೆಂಡರರ್ ಆರಿಸಿಕೊಂಡರೂ ಫೋನ್‌ನಲ್ಲಿ ಓಪನ್‌ಜಿಎಲ್ ಇಎಸ್ 3 ಬೇಕು. ನಿಮ್ಮ ಆಟಗಾರರು ವಯಸ್ಸಾದವರು ಅಂದಿರಿ. ಮಕ್ಕಳು ಬಿಟ್ಟ ಹಳೇ ಫೋನ್ ಅವರ ಕೈಯಲ್ಲಿರುವುದು ಜಾಸ್ತಿ ಅಲ್ವಾ? ಮೊದಲು ಅದನ್ನು ನೋಡಿಕೊಳ್ಳಿ.

ಅರ್ಕಾವೊತ್ತು:

ಅಕ್ಕ, ಉಳಿದದ್ದೆಲ್ಲ ಆಮೇಲೆ ನೋಡಿ. ಆ 212 ಚಿತ್ರಗಳಿಗಾಗಿಯೇ ನೀವು 4ಕ್ಕೆ ಬರಬೇಕು.

ಕನ್ನಡವನ್ನು ಪರದೆ ಮೇಲೆ ಬರೆಯಲು ಫಾಂಟ್ ಒಂದೇ ಸಾಲದು. ‘ಪೂರ್ತಿ’ ತಗೊಳ್ಳಿ. ಟೈಪ್ ಮಾಡುವಾಗ ರ ಮೊದಲು, ತ ಆಮೇಲೆ. ಕಾಣುವಾಗ ತಿ ಮೊದಲು, ಅರ್ಕಾವೊತ್ತು ಅದರ ಬಲಕ್ಕೆ. ‘ಅಜ್ಜಿ’ಯಲ್ಲಿ ಗುಡಿಸು ಮೇಲಿನ ಜಕಾರದ ಜೊತೆ ಬೆಸೆಯಬೇಕು, ಎರಡನೇ ಜ ಒತ್ತಾಗಿ ಕೆಳಗೆ ಇಳಿಯಬೇಕು. ಯಾವ ಅಕ್ಷರ ಎಲ್ಲಿಗೆ ಸರಿಯಬೇಕು, ಯಾವುದು ಯಾವುದರ ಜೊತೆ ಕೂಡಬೇಕು ಎಂದು ಯಾರೋ ಲೆಕ್ಕ ಹಾಕಬೇಕಲ್ಲ? ಆ ಕೆಲಸ ಮಾಡುವ ಲೈಬ್ರರಿಯ ಹೆಸರು ಹಾರ್ಫ್‌ಬಜ್. ನಿಮ್ಮ ಆಂಡ್ರಾಯ್ಡ್ ಫೋನ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರಲ್ಲೂ ಅದೇ ಇದೆ. ಗೋಡೋ 3ರಲ್ಲಿ ಇರಲಿಲ್ಲ. ಅದು ಒಂದು ಸಂಕೇತಕ್ಕೆ ಒಂದು ಆಕಾರ ಎಂದು ಸಾಲಾಗಿ ಜೋಡಿಸುತ್ತಿತ್ತು. ಇಂಗ್ಲಿಷಿಗೆ ಅಷ್ಟು ಸಾಕು. 2023ರ ಮಾರ್ಚ್ 1ರಂದು ಬಂದ 4.0ಯಲ್ಲಿ ಅಕ್ಷರ ಬರೆಯುವ ಭಾಗವನ್ನು ಪೂರ್ತಿ ಹೊಸದಾಗಿ ಕಟ್ಟಿ, ಹಾರ್ಫ್‌ಬಜ್ ಒಳಗೆ ಸೇರಿಸಿದರು. ಅರಬಿಗೂ ದಾರಿಯಾಯಿತು, ನಮಗೂ ಆಯಿತು.

ನಾನು ಮಕ್ಕಳಿಗೆ ಕಾಗುಣಿತ ಕಲಿಸುವ ಸಣ್ಣ ಆಟ ಮಾಡುತ್ತೇನೆ. ಮೊದಲು ‘ನುಡಿ’ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿ ಹೇಗೋ ದಾಟಿಸುತ್ತಿದ್ದೆ. ಅದು ಪರದೆ ಮೇಲೆ ಕನ್ನಡದ ಹಾಗೆ ಕಾಣುತ್ತದೆ, ಆದರೆ ಒಳಗಿರುವುದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು. ಹುಡುಕಲು ಆಗಲ್ಲ. ಮಗು ತನ್ನ ಹೆಸರು ಟೈಪ್ ಮಾಡಿದರೆ ಬರಲ್ಲ. ನಮ್ಮ ಭಾಷೆಯನ್ನು ಬಾಗಿಲ ಹೊರಗೆ ನಿಲ್ಲಿಸಿ ಅದರ ಫೋಟೋ ಒಳಗೆ ತಂದ ಹಾಗೆ ಅನ್ನಿಸುತ್ತಿತ್ತು.

ಒಂದು ಕೆಲಸ ಮಾಡಿ. ಕೋಡ್ ಮುಟ್ಟಬೇಡಿ. 4ರಲ್ಲಿ ಹೊಸ ಪ್ರಾಜೆಕ್ಟ್ ತೆರೆದು ಒಂದು ಲೇಬಲ್ (ಅಕ್ಷರ ತೋರಿಸುವ ಪೆಟ್ಟಿಗೆ) ಇಡಿ. ‘ನೋಟೋ ಸ್ಯಾನ್ಸ್ ಕನ್ನಡ’ ಅಥವಾ ‘ಬಲೂ ತಮ್ಮ’ ಫಾಂಟ್ ಹಾಕಿ. ‘ಆಟ ಪೂರ್ತಿ ಆಯಿತು’ ಎಂದು ಬರೆದು ನೋಡಿ. ಐದು ನಿಮಿಷದ ಕೆಲಸ.

ಹುಣಸೆಬೀಜ:

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ವಾರ ಆಯಿತು, ಏನಾಯಿತು ಎಂದು ಹೇಳಬೇಕು ಅನ್ನಿಸಿತು.

ಅವತ್ತೇ ರಾತ್ರಿ ಲೇಬಲ್ ಇಟ್ಟು ನೋಡಿದೆ. ‘ಬಲೂ ತಮ್ಮ’ ಫಾಂಟ್‌ನಲ್ಲಿ ‘ಪೂರ್ತಿ’ ದುಂಡಗೆ ಬಂತು. ಅರ್ಕಾವೊತ್ತು ಸರಿಯಾದ ಜಾಗದಲ್ಲಿತ್ತು. ತಮ್ಮನನ್ನು ಎಬ್ಬಿಸಿ ತೋರಿಸಿದೆ.

ಕನ್ವರ್ಟರ್ ಸಹವಾಸ ಬಿಟ್ಟೆವು. ಆಟದ ನಿಯಮದ ಕೋಡ್, ಅಂದರೆ ಬೀಜ ಎಣಿಸುವುದು, ಖಾಲಿ ಗುಳಿ ಬಂದರೆ ಮುಂದಿನ ಗುಳಿಯದ್ದನ್ನು ಗೆಲ್ಲುವುದು, ಅದೆಲ್ಲ ಒಂದೇ ಫೈಲ್‌ನಲ್ಲಿ ಇತ್ತು. ಅದು ಸುಲಭವಾಗಿ ಬಂತು. ಕೋಡ್‌ನ ‘ಆನ್‌ರೆಡಿ’, ‘ಎಕ್ಸ್‌ಪೋರ್ಟ್’ ಪದಗಳ ಮುಂದೆ ಹೊಸ ಚಿಹ್ನೆ ಹಾಕಿದ್ದು, ‘ಇನ್‌ಸ್ಟೆನ್ಸ್’ ಅನ್ನು ‘ಇನ್‌ಸ್ಟ್ಯಾನ್ಶಿಯೇಟ್’ ಮಾಡಿದ್ದು ಅಷ್ಟೇ. ಬೀಜ ಜಾರುವ ಚಲನೆಯನ್ನು ತಮ್ಮ ಹೊಸದಾಗಿ ಬರೆದ. ಮೊದಲು ನಲವತ್ತು ಸಾಲಿದ್ದದ್ದು ಈಗ ಹನ್ನೊಂದು. ಪಿಎನ್‌ಜಿ ಫೋಲ್ಡರ್ ತೆಗೆದುಹಾಕಿದೆವು. ಎಂಜಿನ್ ದಪ್ಪ ಆದ ಕಾರಣ ಎಪಿಕೆ (ಆ್ಯಪ್‌ನ ಫೈಲ್) ಏನೂ ಸಣ್ಣದಾಗಲಿಲ್ಲ.

ಬಯಲುಸೀಮೆ ಅಣ್ಣ ಹೇಳಿದ ಹಾಗೆ ಹಳೇ ಫೋನ್‌ಗಳನ್ನೂ ನೋಡಿದೆವು. ಮನೆಯ, ಪಕ್ಕದ ಮನೆಯ, ಅಂಗಡಿ ಶೆಟ್ಟರ ಫೋನ್ ಸೇರಿ ಒಂಬತ್ತು. ಎಂಟರಲ್ಲಿ ಓಡಿತು. ಓಡದೇ ಇದ್ದದ್ದು ಶೆಟ್ಟರದ್ದು. ಅವರಿಗೆ ಹಳೇ ಆಟ ಹಾಗೇ ಇರಲಿ ಎಂದು, ಹೊಸದನ್ನು ಬೇರೆ ಆ್ಯಪ್ ಆಗಿ ಹಾಕಬೇಕಾ ಎಂದು ಯೋಚಿಸುತ್ತಿದ್ದೇವೆ.

ನಿನ್ನೆ ಹೆಸರು ಬರೆಯುವ ಪೆಟ್ಟಿಗೆ ಸೇರಿಸಿದೆವು. ಅಜ್ಜಿ ಪಕ್ಕದಲ್ಲೇ ಕೂತಿದ್ದರು. ‘ಸುಬ್ಬಮ್ಮ’ ಎಂದು ಟೈಪ್ ಮಾಡಿದೆ. ಎರಡು ಒತ್ತೂ ಸರಿಯಾಗಿ ಬಂದವು. ‘ನಿಮ್ಮ ಸರದಿ, ಸುಬ್ಬಮ್ಮ’ ಎಂದು ಬಂದದ್ದನ್ನು ಅಜ್ಜಿ ಜೋರಾಗಿ ಓದಿದರು. ಆಮೇಲೆ ನನ್ನ ಕೈಯಿಂದ ಫೋನ್ ತಗೊಂಡು ಮೂರನೇ ಗುಳಿ ಒತ್ತಿದರು.

ಒಂದು ತೊಂದರೆ ಇನ್ನೂ ಇದೆ. ಬೀಜ ಗುಳಿಗೆ ಬಿದ್ದ ಮೇಲೆ ಸದ್ದು ಒಂದು ಚೂರು ತಡವಾಗಿ ಕೇಳುತ್ತದೆ. ಹಳೆಯದರಲ್ಲಿ ಹೀಗಿರಲಿಲ್ಲ. ಅಜ್ಜಿಗೂ ಅದು ಗೊತ್ತಾಯಿತು, ‘ಬೀಜ ಮೊದಲು ಬಿತ್ತು, ಆಮೇಲೆ ಕೇಳಿತು’ ಅಂದರು. ಆಂಡ್ರಾಯ್ಡ್‌ನಲ್ಲಿ ಇದನ್ನು ಕಡಿಮೆ ಮಾಡಿದವರು ಯಾರಾದರೂ ಇದ್ದರೆ ಹೇಗೆ ಎಂದು ಹೇಳಿ. ಸದ್ದಿನ ಫೈಲ್ ವೇವ್‌ನಲ್ಲಿದೆ, ಶುರುವಿನಲ್ಲಿ ಖಾಲಿ ಜಾಗ ಇಲ್ಲ, ಅದನ್ನು ನೋಡಿಯಾಗಿದೆ.